ಪುಷ್ಯ ಮಳೆಯ ನಕ್ಷತ್ರ



ನಮ್ಮೂರಲ್ಲಿ ಪುಷ್ಯ ಮಳೆ ಅಂದರೆ ಗೊತ್ತಿಲ್ಲದವರು ಯಾರೂ ಇಲ್ಲ. ಪುನರ್ವಸು ಆಯ್ತು, ಪುಷ್ಯ ಬಂತು, ಆಮೇಲೆ ಆಶ್ಲೇಷ, ಆಮೇಲೆ ಮಖೆ ಎಂದು ನಮ್ಮ ತಾತ ಬೆರಳು ಮಡಿಸಿ ಎಣಿಸುತ್ತಾರೆ. ಜುಲೈ 20ರ ಸುಮಾರಿಗೆ ಹುಟ್ಟುವ ಪುಷ್ಯ ಆಗಸ್ಟ್ 2ರ ಸುಮಾರಿಗೆ ಮುಗಿಯುತ್ತದೆ. ಅದು ಕೈಕೊಟ್ಟರೆ ನಮ್ಮ ರಾಗಿ ಹೊಲ ಹಾಗೇ ಬಿದ್ದಿರುತ್ತದೆ. ಆದರೆ ಪುಷ್ಯ ಎಂಬುದು ಆಕಾಶದಲ್ಲಿ ಕಣ್ಣಿಗೆ ಕಾಣುವ ನಕ್ಷತ್ರ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ತಾತನಿಗೆ ಎಪ್ಪತ್ನಾಲ್ಕು ವರ್ಷ, ಅವರ ಜನ್ಮನಕ್ಷತ್ರವೂ ಪುಷ್ಯವೇ. ಅವರೇ ಅದನ್ನು ನೋಡಿರಲಿಲ್ಲ.

ನೋಡದೇ ಇರೋದಕ್ಕೆ ಕಾರಣವೂ ಇದೆ. ಪುಷ್ಯ ಮಳೆ ಸುರಿಯುವಾಗ ಪುಷ್ಯ ನಕ್ಷತ್ರ ಯಾರಿಗೂ ಕಾಣುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಯಾಕೆಂದರೆ ಆ ದಿನಗಳಲ್ಲಿ ಸೂರ್ಯ ಆಕಾಶದ ಅದೇ ಜಾಗದಲ್ಲಿ ಇರುತ್ತಾನೆ. ಸೂರ್ಯ ಪುಷ್ಯಕ್ಕೆ ಬಂದ ಎಂದು ಪಂಚಾಂಗ ಹೇಳುವುದು ಇದನ್ನೇ. ನಕ್ಷತ್ರವು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಆಗಸ್ಟ್ 1ರ ಸುಮಾರಿಗಂತೂ ಸೂರ್ಯ ಸರಿಯಾಗಿ ಅದರ ಮುಂದೆಯೇ ಬಂದು ಪೂರ್ತಿ ಮುಚ್ಚಿಬಿಡುತ್ತಾನೆ. ತನ್ನ ಮಳೆಯಲ್ಲೇ ತಾನು ಕಾಣದ ನಕ್ಷತ್ರ!

ಇದನ್ನೆಲ್ಲ ಹೇಳಿಕೊಟ್ಟವರು ನಮ್ಮ ವಿಜ್ಞಾನದ ಮೇಷ್ಟ್ರು. ಪುಷ್ಯ ಎಂದರೆ ಕರ್ಕಾಟಕ ರಾಶಿಯ ಮೂರು ಮಂಕು ಚುಕ್ಕಿಗಳು. ಅವುಗಳಲ್ಲಿ ಹೆಚ್ಚು ಬೆಳಕಿರುವುದರ ಹೆಸರು ಡೆಲ್ಟಾ ಕ್ಯಾಂಕ್ರಿ. ಅದರ ಹಳೇ ಲ್ಯಾಟಿನ್ ಹೆಸರಿಗೆ 'ದಕ್ಷಿಣದ ಕತ್ತೆಮರಿ' ಎಂದು ಅರ್ಥವಂತೆ. (ಆಗ ಹಿಂದಿನ ಬೆಂಚಿನವರು ಯಾರ ಕಡೆ ನೋಡಿ ನಕ್ಕರು ಅಂತ ಇಲ್ಲಿ ಬರೆಯುವುದಿಲ್ಲ.) ನಕ್ಷತ್ರಗಳ ಬೆಳಕಿಗೆ ದರ್ಜೆ ಇದೆ, ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಬರಿಗಣ್ಣಿಗೆ 6ನೇ ದರ್ಜೆಯೇ ಕೊನೆ. ಪುಷ್ಯದ್ದು ಸುಮಾರು 4. ಒಳ್ಳೇ ಕತ್ತಲಿದ್ದರೆ ಕಾಣುತ್ತದೆ, ಎದುರಿಗೆ ಒಂದು ಲೈಟು ಹತ್ತಿದರೆ ಮಾಯ.

ಮಂಕಾಗಿದೆ ಅಂತ ಸಣ್ಣದು ಅಂದುಕೊಳ್ಳಬೇಡಿ. ಅದು ದೈತ್ಯ ನಕ್ಷತ್ರ. ಅಡ್ಡಳತೆಯಲ್ಲಿ ನಮ್ಮ ಸೂರ್ಯನ 11 ಪಟ್ಟು, ಎಂದರೆ ಸುಮಾರು ಒಂದೂವರೆ ಕೋಟಿ ಕಿಲೋಮೀಟರ್. ಕೈ ನೀಟಾಗಿ ಚಾಚಿ ಕಿರುಬೆರಳು ಹಿಡಿದರೆ ಸೂರ್ಯ ಅದರ ಹಿಂದೆ ಮುಚ್ಚಿಹೋಗುತ್ತಾನೆ. ಸೂರ್ಯನ ಜಾಗದಲ್ಲಿ ಪುಷ್ಯ ಇದ್ದಿದ್ದರೆ ಮೂರು ಬೆರಳು ಸೇರಿಸಿದರೂ ಸಾಲದು. ಬೆಳಕು ಸೂರ್ಯನ ಸುಮಾರು 50 ಪಟ್ಟು. ಆಗ ನಮ್ಮ ಕೆರೆ ಇರಲಿ, ಸಮುದ್ರವೂ ಕುದಿದು ಆವಿಯಾಗುತ್ತಿತ್ತು. ಆದರೆ ಮೈಯ ಬಿಸಿ ಮಾತ್ರ ಸೂರ್ಯನಿಗಿಂತ ಕಡಿಮೆ. ಸೂರ್ಯನ ಮೈ 5,500 ಡಿಗ್ರಿ ಸೆಲ್ಸಿಯಸ್, ಇದರದ್ದು ಸುಮಾರು 4,350. ಕುಲುಮೆಯಲ್ಲಿ ಕಬ್ಬಿಣ ಬಿಳಿಯಾಗುವ ಮೊದಲು ಕಿತ್ತಳೆ ಬಣ್ಣಕ್ಕೆ ಬರುತ್ತದಲ್ಲ, ಪುಷ್ಯದ ಬಣ್ಣವೂ ಕಿತ್ತಳೆಯೇ. ಬರಿಗಣ್ಣಿಗೆ ಆ ಬಣ್ಣ ತಿಳಿಯುವುದಿಲ್ಲ. ಮೇಷ್ಟ್ರು ತಂದಿದ್ದ ದುರ್ಬೀನಿನಲ್ಲಿ ನೋಡಿದಾಗ ನನಗೆ ಕಂಡಿತು.

ನನಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಅದರ ತೂಕ. 11 ಪಟ್ಟು ಅಗಲ ಎಂದರೆ ಅದರೊಳಗೆ 1,300ಕ್ಕೂ ಹೆಚ್ಚು ಸೂರ್ಯರು ಹಿಡಿಯುತ್ತಾರೆ. ಆದರೆ ಅದರಲ್ಲಿರುವ ವಸ್ತು ಒಂದೂಮುಕ್ಕಾಲು ಸೂರ್ಯನಷ್ಟೂ ಇಲ್ಲ. ನಾವು ಕಪ್ಪುಹಲಗೆ ಮೇಲೆ ಭಾಗಾಕಾರ ಮಾಡಿ ನೋಡಿದೆವು. ಒಂದು ಲೀಟರ್ ನೀರು 1,000 ಗ್ರಾಂ. ಸೂರ್ಯನನ್ನು ಸರಾಸರಿ ಮಾಡಿ ಅಳೆದರೆ ಒಂದು ಲೀಟರಿಗೆ ಸುಮಾರು 1,400 ಗ್ರಾಂ. ಪುಷ್ಯವನ್ನು ಹಾಗೇ ಅಳೆದರೆ ಒಂದು ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ! ನಾವು ಉಸಿರಾಡುವ ಗಾಳಿಯೇ ಲೀಟರಿಗೆ 1.2 ಗ್ರಾಂ ಇದೆ. ನಟ್ಟನಡುವೆ ಮಾತ್ರ ಬಹಳ ಗಟ್ಟಿ, ಹೊರಗೆ ಹೋದಂತೆ ತೀರಾ ತೆಳು. ನಕ್ಷತ್ರದ ನಡುವಿನ ಹೈಡ್ರೋಜನ್ ಉರಿದು ಮುಗಿದ ಮೇಲೆ ನಡುಭಾಗ ಕುಗ್ಗಿ ಇನ್ನೂ ಬಿಸಿಯಾಗುತ್ತದೆ, ಹೊರಗಿನದು ಅಕ್ಕಿ ಪುರಿಯಾದಂತೆ ಉಬ್ಬುತ್ತದೆ. ಅಂದರೆ ಪುಷ್ಯ ಒಂದು ಮುದಿ ನಕ್ಷತ್ರ. ನಮ್ಮ ಸೂರ್ಯನಿಗೂ ಸುಮಾರು 500 ಕೋಟಿ ವರ್ಷ ಕಳೆದ ಮೇಲೆ ಇದೇ ಗತಿ.

ದೂರ ಸುಮಾರು 130 ಬೆಳಕಿನ ವರ್ಷ. ಭೂಮಿ ಸೂರ್ಯನ ಆ ಕಡೆ ಇದ್ದಾಗ ಒಮ್ಮೆ, ಈ ಕಡೆ ಇದ್ದಾಗ ಒಮ್ಮೆ ನೋಡಿ, ನಕ್ಷತ್ರ ಎಷ್ಟು ಸರಿಯಿತು ಎಂದು ಅಳೆದು ದೂರ ಹೇಳುತ್ತಾರೆ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದಾಗ ಮೂಗಿನ ಮುಂದಿನ ಬೆರಳು ಸರಿದಂತೆ ಕಾಣುವ ಹಾಗೆ. ಈಗ ನಾವು ನೋಡುವ ಬೆಳಕು ಅಲ್ಲಿಂದ ಹೊರಟಾಗ ತಾತನ ಅಪ್ಪನೂ ಹುಟ್ಟಿರಲಿಲ್ಲ. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದೇ 1905ರಲ್ಲಿ. ಅದಕ್ಕೂ ಮೊದಲೇ ಹೊರಟ ಬೆಳಕು ಈಗ ನಮ್ಮೂರಿಗೆ ಬಂದು ಮುಟ್ಟುವಾಗ ಮಾರಿಗುಡಿ ಮುಂದಿನ ಹೈಮಾಸ್ಟ್ ದೀಪ ಅಡ್ಡ ನಿಂತಿದೆ.

ತಾತನಿಗೆ ತೋರಿಸಲು ಇದೇ ತೊಂದರೆಯಾಯಿತು. ನಮ್ಮ ಮನೆ ಗುಡಿ ಎದುರಿಗೇ ಇದೆ. ಕೆರೆ ಏರಿ ಮೇಲೆ ಕತ್ತಲಿದೆ, ಆದರೆ ಮಂಡಿ ನೋವಿನಿಂದ ತಾತ ಅಲ್ಲಿವರೆಗೆ ನಡೆಯಲಾರರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಕಣ್ಣು ಮಂಜು. ಹಾಗಾಗಿ ಕರೆಂಟು ಹೋಗಲಿ ಎಂದು ಕಾಯುತ್ತಾ ಕುಳಿತೆವು. "ಪರೀಕ್ಷೆ ಹತ್ರ ಬಂದೈತೆ, ಇವನಿಗೆ ಕರೆಂಟು ಹೋಗ್ಬೇಕಂತೆ!" ಎಂದು ಅವ್ವ ಬೈದಳು.

ಮಾರ್ಚ್ ತಿಂಗಳ ಒಂದು ರಾತ್ರಿ ಒಂಬತ್ತಕ್ಕೆ ಊರೆಲ್ಲ ಕತ್ತಲಾಯಿತು. ಅಂಗಳದಲ್ಲಿ ಚಾಪೆ ಹಾಸಿ ತಾತನನ್ನು ಮಲಗಿಸಿದೆ. ಮಳೆಗಳ ಸಾಲೇ ಆಕಾಶದಲ್ಲೂ ಇರುವುದರಿಂದ ಹುಡುಕುವುದು ಸುಲಭ. ಪುನರ್ವಸುವಿನ ಜೋಡಿ ನಕ್ಷತ್ರ ಒಂದು ಕಡೆ, ಮಖೆಯ ಒಂಟಿ ನಕ್ಷತ್ರ ಪೂರ್ವಕ್ಕೆ, ನಡುವೆ ನೆತ್ತಿಯ ಹತ್ತಿರ ಪುಷ್ಯ. "ಏನೂ ಕಾಣಲ್ಲ ಮಗ" ಅಂದರು. ನೆಟ್ಟಗೆ ನೋಡದೆ ಒಂಚೂರು ಪಕ್ಕಕ್ಕೆ ನೋಡು ತಾತ, ಕಣ್ಣಿನ ಅಂಚಿಗೆ ಮಂಕು ಬೆಳಕು ಚೆನ್ನಾಗಿ ಕಾಣುತ್ತದೆ ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

"ಬೂದಿ ಚೆಲ್ಲಿದಂಗೆ ಐತಲ್ಲ, ಅದಾ?"

ಅದು ಪುಷ್ಯದ ಪಕ್ಕದಲ್ಲಿರುವ ನಕ್ಷತ್ರಗಳ ಗುಂಪು, ಸುಮಾರು 600 ಬೆಳಕಿನ ವರ್ಷ ದೂರ. ಗೆಲಿಲಿಯೋ ದೂರದರ್ಶಕದಲ್ಲಿ ಅದರೊಳಗೆ ನಲವತ್ತಕ್ಕೂ ಹೆಚ್ಚು ಚುಕ್ಕಿ ಕಂಡೆನೆಂದು 1610ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅದರ ಮಗ್ಗುಲಲ್ಲೇ ಒಂದು ಚುಕ್ಕಿ ಐತೆ ನೋಡು ಎಂದೆ.

"ಐತೆ ಕಣ ಮಗ, ಐತೆ. ಹೋಗಿ ಬಂದು ಮಾಡ್ತೈತೆ." ಆಮೇಲೆ ಅದು ಮುದಿಯಾಗಿ ಉಬ್ಬಿದೆ ಎಂದು ಹೇಳಿದೆ. ತಾತ ನಕ್ಕು, "ನಾನು ನೋಡಿದ್ರೆ ಒಣಗ್ತಾ ಇವ್ನಿ" ಎಂದರು. ಮತ್ತೆ ಯಾವಾಗ ಕಾಣ್ತದೆ ಎಂದು ಕೇಳಿದರು. ಮಳೆ ಮುಗಿದು ಸೆಪ್ಟೆಂಬರಿಗೆ ಬೆಳಗಿನ ಜಾವ ಪೂರ್ವದಲ್ಲಿ ಎಂದೆ. ಅಷ್ಟರಲ್ಲಿ ಕರೆಂಟು ಬಂತು.

ಹೈಮಾಸ್ಟ್ ದೀಪ ಬೇಡ ಎಂದು ನಾನು ಹೇಳುತ್ತಿಲ್ಲ. ಹಾವು ಚೇಳಿನ ಭಯ ನಮ್ಮ ಬೀದಿಯಲ್ಲೂ ಇದೆ. ಆದರೆ ಏರಿವರೆಗೆ ನಡೆಯಲಾರದ ಅಜ್ಜ ಅಜ್ಜಿಯರು ಎಲ್ಲರ ಮನೆಯಲ್ಲೂ ಇದ್ದಾರೆ. ಬರುವ ಅಮಾವಾಸ್ಯೆ ರಾತ್ರಿ ಅರ್ಧ ಗಂಟೆ ದೀಪ ಆರಿಸಿರಿ ಎಂದು ಪಂಚಾಯ್ತಿಗೆ ಅರ್ಜಿ ಕೊಡೋಣ. ಬರೆದುಕೊಡಲು ಮೇಷ್ಟ್ರು ಒಪ್ಪಿದ್ದಾರೆ. ಒಪ್ಪಿಗೆ ಇರುವವರು ಹೆಸರು ಬರೆಯಲಿ ಎಂದು ಇದರ ಕೆಳಗೆ ಜಾಗ ಬಿಟ್ಟಿದ್ದೇನೆ. ಪೆನ್ಸಿಲಿನಲ್ಲಿ ಬೇಡ, ಪೆನ್ನಿನಲ್ಲಿ ಬರೆಯಿರಿ.

– 7ನೇ ತರಗತಿ