ಉಳ್ಳಾಗಡ್ಡಿಯ ದರ ಮತ್ತು ಮಗಳ ಲೆಕ್ಕ

ಹುನಗುಂದ ಕಡೆಯ ಹಳ್ಳಿಯೊಂದರ ರೈತ. ಉಳ್ಳಾಗಡ್ಡಿ ಚೀಲಗಳನ್ನು ಬಾಗಲಕೋಟೆಯ ಮಾರುಕಟ್ಟೆಗೆ ಒಯ್ಯುವ ಹಿಂದಿನ ರಾತ್ರಿ ಮಗಳನ್ನು ಕೇಳಿದ: "ಕಾಲೇಜಿನ್ಯಾಗ ಲೆಕ್ಕ ಕಲೀತಿ. ಈ ದರ ಎಷ್ಟ್ ಜಿಗದಾಡತೈತಿ ಅಂತ ಹೇಳಾಕ ಬರತೈತೇನವಾ?" ಈಗಲೇ ಮಾರಬೇಕೋ, ಇನ್ನೊಂದು ವಾರ ಕಾಯಬೇಕೋ ಎಂಬುದು ಅವನ ಚಿಂತೆ. ಮಗಳ ಫೀಯೂ ಅದೇ ಚೀಲಗಳಲ್ಲಿತ್ತು.

ಮಗಳಿಗೆ ಪಾಠ ನೆನಪಾಯಿತು. ದರವೊಂದು ಬೆಳಿಗ್ಗೆ 100 ರೂಪಾಯಿಯಿಂದ ಹೊರಟು, 120ಕ್ಕೇರಿ, 85ಕ್ಕಿಳಿದು, ಸಂಜೆ ಮತ್ತೆ 100ಕ್ಕೆ ಬಂದು ನಿಂತಿತೆನ್ನಿ. ಕೊನೆಯ ದರವನ್ನಷ್ಟೇ ನೋಡುವವನಿಗೆ ಆ ದಿನ ಏನೂ ನಡೆದೇ ಇಲ್ಲ! ದಿನದ ಗರಿಷ್ಠ, ಕನಿಷ್ಠ ದರಗಳ ಅಂತರವನ್ನು ಹಿಡಿದರೆ ಏರಿಳಿತದ ಅಂದಾಜು ಸುಮಾರು 5 ಪಟ್ಟು ದಕ್ಷವಾಗುತ್ತದೆ ಎಂದು ಮೈಕೆಲ್ ಪಾರ್ಕಿನ್ಸನ್ 1980ರಲ್ಲಿ ತೋರಿಸಿದ. 100 ದಿನಗಳ ಕೊನೆಯ ದರಗಳು ಕೊಡುವ ನಿಖರತೆ ಇಲ್ಲಿ ಸುಮಾರು 20 ದಿನಗಳಲ್ಲೇ ಸಿಗುತ್ತದೆ.

ಈ 'ದಕ್ಷತೆ'ಯ ಮಾತಿಗೆ ನಮ್ಮ ನೆಲದ ನಂಟೂ ಉಂಟು. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್, ಪಕ್ಷಪಾತವಿಲ್ಲದ ಅಂದಾಜೊಂದು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ 1945ರ ಪ್ರಬಂಧದಲ್ಲಿ ಮಿತಿಯೊಂದನ್ನು ಗೊತ್ತುಮಾಡಿದರು. 'ಕ್ರಾಮೇರ್–ರಾವ್ ಮಿತಿ' ಎಂದು ಜಗತ್ತಿನ ವಿದ್ಯಾರ್ಥಿಗಳೆಲ್ಲ ಇಂದಿಗೂ ಅದನ್ನು ಓದುತ್ತಾರೆ.

ಮಗಳು ಪತ್ರಿಕೆಯ ಪೇಟೆ ಧಾರಣೆಯಿಂದ ಕನಿಷ್ಠ, ಗರಿಷ್ಠ ದರಗಳನ್ನು ಬರೆದುಕೊಂಡು ಉತ್ಸಾಹದಿಂದ ಲೆಕ್ಕ ಹಾಕಿದಳು. ಉತ್ತರ ಕಂಡು ಅಪ್ಪ ನಕ್ಕ.

"ಯವ್ವಾ, ಕಡಿಮಿ ದರ ಸಣ್ಣ ಗಡ್ಡಿದು, ಮೊಳಕಿ ಬಂದದ್ದು. ಹೆಚ್ಚಿಂದು ಆರಿಸಿದ ದೊಡ್ಡ ಗಡ್ಡಿದು. ಮಾಲೇ ಬ್ಯಾರೆ ಬ್ಯಾರೆ. ಒಂದ ಮಾಲಿನ ದರ ಎಲ್ಲಿ ಜಿಗೀತು?"

ಮಗಳ ಪೆನ್ಸಿಲು ನಿಂತಿತು. ಸೂತ್ರ ತಪ್ಪಾಗಿರಲಿಲ್ಲ. ಆದರೆ ಒಂದೇ ವಸ್ತುವಿನ ದರ ದಿನವಿಡೀ ಎಡೆಬಿಡದೆ ಓಲಾಡುತ್ತದೆ ಎಂಬುದು ಅದರ ಷರತ್ತು. ಷರತ್ತು ಮುರಿದರೆ 5 ಪಟ್ಟು ದಕ್ಷತೆಯ ಮಾತೂ ಮುರಿಯುತ್ತದೆ. ಅವಳು ಹೊಸ ಹಾಳೆಯಲ್ಲಿ ಒಂದೇ ದರ್ಜೆಯ ಗಡ್ಡೆಯ ದಿನದಿನದ ದರ ಬರೆಯತೊಡಗಿದಳು. ದಕ್ಷತೆ ಕಡಿಮೆಯಾದರೂ ಲೆಕ್ಕ ಅಪ್ಪನ ಚೀಲಗಳದ್ದಾಗಿತ್ತು.

ಕೊನೆಗೆ ಹೇಳಿದಳು: "ಅಪ್ಪಾ, ದರ ಭಾಳ ಜಿಗದಾಡೇತಿ. ಏರತೈತೋ ಇಳೀತೈತೋ ಈ ಲೆಕ್ಕ ಹೇಳಂಗಿಲ್ಲ."

ಅಪ್ಪ ಒಂದು ಗಳಿಗೆ ಸುಮ್ಮನಿದ್ದ. ಮರುದಿನ ಬೆಳಿಗ್ಗೆ ಬಾಗಲಕೋಟೆಗೆ ಹೊರಟದ್ದು ಅರ್ಧ ಚೀಲಗಳು ಮಾತ್ರ. ಫೀಗೆ ಅಷ್ಟು ಸಾಕಿತ್ತು.