ಬೆಟ್ಟ ಹತ್ತಿದ ತೊಲೆ

ಉದಕಮಂಡಲಕ್ಕೆ ಹೋದವರು ಕೆರೆಯನ್ನೂ ಹೂದೋಟವನ್ನೂ ನೋಡಿ ಬರುವುದು ವಾಡಿಕೆ. ನಾನು ಹೋದದ್ದು ಒಂದು ಮರದ ತೊಲೆಯನ್ನು ನೋಡಲು.

ನನ್ನ ಹುಟ್ಟೂರು ಶ್ರೀರಂಗಪಟ್ಟಣ. ರಂಗನಾಥನ ಗುಡಿಯ ಸಮೀಪದಲ್ಲಿ ಟಿಪ್ಪುವಿನ ಲಾಲ್ ಮಹಲ್ ಇದ್ದೆಡೆ ಈಗ ಉಳಿದಿರುವುದು ಪಾಳು ತಳಪಾಯವಷ್ಟೆ. ಹುಡುಗರಾಗಿದ್ದಾಗ ಅಲ್ಲಿ ಆಡುತ್ತಿದ್ದೆವು. “ಅರಮನೆ ಎಲ್ಲಿ ಹೋಯಿತು ತಾತ?” ಎಂದರೆ, “ನೀಲಗಿರಿ ಹತ್ತಿತು ಕಣೋ” ಎನ್ನುತ್ತಿದ್ದರು ನಮ್ಮ ತಾತ. ಅದನ್ನು ಹಾಸ್ಯವೆಂದುಕೊಂಡಿದ್ದೆ.

ಹಾಸ್ಯವಲ್ಲ. ಪಟ್ಟಣ ಬಿದ್ದದ್ದು 1799ರಲ್ಲಿ. ಮೂವತ್ತು ವರ್ಷದ ಮೇಲೆ, 1829ರ ಏಪ್ರಿಲಿನಲ್ಲಿ, ಮದರಾಸಿನ ಗವರ್ನರ್ ಲಷಿಂಗ್‌ಟನ್ ಉದಕಮಂಡಲದಲ್ಲಿ ಸಂತ ಸ್ಟೀಫನ್ನನ ಇಗರ್ಜಿಗೆ ಅಡಿಗಲ್ಲು ಹಾಕಿಸಿದ. ಮರುವರ್ಷ ನವೆಂಬರಿನಲ್ಲಿ ಅದರ ಪ್ರತಿಷ್ಠೆಯಾಯಿತು. ಅದರ ದೊಡ್ಡ ತೊಲೆಯೂ ಮರಮುಟ್ಟೂ ಲಾಲ್ ಮಹಲಿನವು. ಆನೆಗಳು ಅವನ್ನು ಬೆಟ್ಟಕ್ಕೆ ಎಳೆದು ತಂದವು.

ಗುಂಡ್ಲುಪೇಟೆಯಿಂದ ದಾರಿಯುದ್ದಕ್ಕೂ ನನ್ನಾಕೆ ಈ ಕಥೆಯನ್ನು ಕೇಳುತ್ತಲೇ ಬಂದಳು. ಇಗರ್ಜಿಯೊಳಗೆ ಕತ್ತೆತ್ತಿ, “ನೋಡು, ಇದು ನಮ್ಮದು” ಎಂದೆ. “ಸರಿ, ಈಗೇನು ಹೊತ್ತುಕೊಂಡು ಹೋಗುತ್ತೀರಾ?” ಎಂದು ಹೊರಗೆ ನಡೆದಳು.

ಇಗರ್ಜಿಯ ಹಿಂದೆ ಇಳಿಜಾರಿನಲ್ಲಿ ಹಳೆಯ ಸ್ಮಶಾನ. ಹುಲ್ಲು, ಹಾವಸೆ, ವಾಲಿದ ಶಿಲುಬೆಗಳು. ಈ ಊರನ್ನು ಕಟ್ಟಿದ, ಕೆರೆಯನ್ನು ಕಟ್ಟಿಸಿದ ಕಲೆಕ್ಟರ್ ಜಾನ್ ಸಲಿವನ್ನನ ಹೆಂಡತಿಯೂ ಮಗಳೂ ಇಲ್ಲೇ ಮಲಗಿದ್ದಾರೆ. 1841ರಲ್ಲಿ ಅವನು ಇಂಗ್ಲೆಂಡಿಗೆ ಹೊರಟುಹೋದ; ಅವರು ಇಲ್ಲೇ ಉಳಿದರು. ಬಯಲಿನ ಸೆಖೆಗೂ ಜ್ವರಕ್ಕೂ ಹೆದರಿ ಆರೋಗ್ಯಕ್ಕೆಂದು ಬೆಟ್ಟ ಹತ್ತಿದ ಜನ! ತೊಲೆಯನ್ನು ತಂದವರೂ ಇಲ್ಲಿ ಏನನ್ನೋ ಕೊಟ್ಟೇ ಹೋಗಿದ್ದಾರೆ ಎಂದುಕೊಂಡೆ. ಆದರೂ ನನ್ನ ಸಿಟ್ಟು ಪೂರಾ ಇಳಿಯಲಿಲ್ಲ.

ತಿರುಗಿ ನೋಡಿದರೆ ನನ್ನಾಕೆ ಮೊಣಕಾಲೆತ್ತರದ ಒಂದು ಕಲ್ಲಿನ ಮುಂದೆ ಕುಳಿತಿದ್ದಳು. ಅಕ್ಷರಗಳು ಸವೆದಿದ್ದವು. “ಮಗುವಿನದೇ ಇರಬೇಕು, ಅಲ್ಲವೆ?” ಎಂದಳು. “ಇರಬಹುದು” ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ನಮ್ಮದನ್ನು ಎಲ್ಲಿ ಇಟ್ಟು ಬಂದಿರಿ?”

ನಮ್ಮ ಚೊಚ್ಚಲು ಕೂಸು ಹನ್ನೊಂದು ದಿನ ಬದುಕಿತ್ತು. ನಲವತ್ತು ವರ್ಷದ ಮಾತು. ಹಸುಗೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಮೇಲೆ ಕಲ್ಲು ನಿಲ್ಲಿಸುವ ರೂಢಿಯಿಲ್ಲ. ಬಾಣಂತಿಯನ್ನು ಯಾರು ಕರೆದೊಯ್ಯುತ್ತಾರೆ? ನಾನೂ ನನ್ನ ಅಣ್ಣನೂ ಹೋಗಿ ಬಂದೆವು. ಅಂದಿನಿಂದ ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಇನ್ನೂರು ವರ್ಷದ ಹಿಂದಿನ ತೊಲೆಯ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡವನು ನಾನು!

“ಕಾವೇರಿಯ ದಡದಲ್ಲಿ. ಒಂದು ಹೊಂಗೆಮರವಿತ್ತು. ಮರ ಈಗ ಇದೆಯೋ ಇಲ್ಲವೋ” ಎಂದೆ.

“ಮರ ಇಲ್ಲದಿದ್ದರೂ ಜಾಗ ಇರುತ್ತದಲ್ಲ” ಎಂದಳು.

ಮುಡಿಯಲ್ಲಿದ್ದ ಹೂವಿನಲ್ಲಿ ಅರ್ಧ ತೆಗೆದು ಆ ಕಲ್ಲಿನ ಮೇಲಿಟ್ಟಳು. ಉಳಿದರ್ಧವನ್ನು ಮುಡಿಯಲಿಲ್ಲ, ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಮರುದಿನ ಕೆರೆಯನ್ನೂ ಹೂದೋಟವನ್ನೂ ನೋಡಬೇಕೆಂದಿತ್ತು. ನೋಡದೆ ಬೆಳಗಿನ ಬಸ್ಸಿಗೇ ಊರಿಗೆ ಹೊರಟೆವು.