ಸೂಜಿಯ ಕಣ್ಣು

ಚಿತ್ರಕಲೆಯೆಂದರೆ ನನಗೆ ರವಿವರ್ಮನ ಲಕ್ಷ್ಮಿ, ಸರಸ್ವತಿಯರು. ಅದರಾಚೆಗೆ ಹೋದವಳಲ್ಲ. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನವ್ಯ, ಅಮೂರ್ತ ಎಂದು ಮಾತು ತೆಗೆದರೆ ಸಾಕು, ತಿದ್ದಬೇಕಾದ ನೋಟ್‌ಬುಕ್ಕುಗಳ ರಾಶಿ ತೋರಿಸಿ ಜಾರಿಕೊಳ್ಳುತ್ತಿದ್ದೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ದೊಡ್ಡದೊಂದು ಮೊಸಳೆಯ ಪ್ರತಿಕೃತಿ ತಂದಿಟ್ಟ ಸುದ್ದಿ ಬಂತಲ್ಲ, ಆಗ ಮಾತ್ರ ಸ್ಟಾಫ್ ರೂಮಿನಲ್ಲಿ ಎಲ್ಲರೊಂದಿಗೆ ನಾನೂ ಮನಸಾರೆ ನಕ್ಕೆ. ಅದು ತಿಳಿಯುವಂಥದ್ದು. ಗುಂಡಿ ನಮ್ಮೂರಿನಲ್ಲೂ ಇದೆ, ಮೊಸಳೆಯೊಂದು ಬರಬೇಕಷ್ಟೆ!

ನನಗೆ ತಿಳಿಯದೆ ಹೋದದ್ದು ಸಗಣಿ.

ಕಳೆದ ದಸರಾ ರಜೆಗೆ ಬಂದ ನನ್ನ ತಂಗಿಯ ಮಗಳು ದಪ್ಪನೆಯ ಪುಸ್ತಕವೊಂದನ್ನು ತಂದಿದ್ದಳು. ಅದರಲ್ಲಿ ಶೀಲಾ ಗೌಡ ಎಂಬ ಕಲಾವಿದೆಯ ಕೃತಿಗಳ ಚಿತ್ರಗಳಿದ್ದವು. ನಮ್ಮ ಭದ್ರಾವತಿಯಲ್ಲೇ 1957ರಲ್ಲಿ ಹುಟ್ಟಿದವರು. ಬೆಂಗಳೂರು, ಬರೋಡಾ, ಶಾಂತಿನಿಕೇತನ, ಕೊನೆಗೆ ಲಂಡನ್ನಿನವರೆಗೂ ಹೋಗಿ ಚಿತ್ರಕಲೆ ಕಲಿತವರು. ಅಷ್ಟೆಲ್ಲ ಕಲಿತು ಬಂದು, 1990ರ ದಶಕದ ಮೊದಲ ವರ್ಷಗಳಲ್ಲಿ ಬಣ್ಣ ಬದಿಗಿಟ್ಟು ಸಗಣಿಗೆ ಕೈಹಾಕಿದರಂತೆ.

"ಕುಳ್ಳು ತಟ್ಟಲಿಕ್ಕೆ ಲಂಡನ್ನಿಗೆ ಹೋಗಬೇಕಾಗಿತ್ತೇನು?" ಎಂದೆ. ನಗಬೇಕೆಂದೇ ಹೇಳಿದ ಮಾತು. ಆದರೆ ದನಿಯಲ್ಲಿ ಸಿಟ್ಟಿತ್ತು. ಅದು ನನಗೇ ಕೇಳಿಸಿತು.

ರಾತ್ರಿ ಮಲಗಿದಾಗ ಆ ಸಿಟ್ಟು ಯಾಕೆಂದು ಯೋಚಿಸಿದೆ. ನನ್ನ ಅವ್ವ ಕುಳ್ಳು ತಟ್ಟಿದವಳು. ನಾನು ಬಿ.ಎಡ್. ಓದುವಾಗ ಹಾಸ್ಟೆಲಿನ ಗೆಳತಿಯರು ಊರಿಗೆ ಬರುತ್ತೇವೆಂದು ಹಟ ಹಿಡಿದಿದ್ದರು. ಹಿತ್ತಲ ಗೋಡೆಯ ತುಂಬ ಅವ್ವನ ಬೆರಳಚ್ಚು ಹೊತ್ತು ಒಣಗುತ್ತಿದ್ದ ಕುಳ್ಳುಗಳು ಕಣ್ಣ ಮುಂದೆ ಬಂದವು. ಮನೆಯಲ್ಲಿ ಕಾಯಿಲೆಯೆಂದು ಸುಳ್ಳು ಹೇಳಿ ಅವರನ್ನು ತಪ್ಪಿಸಿದೆ. ನಾವು ಮುಚ್ಚಿಟ್ಟದ್ದನ್ನು ಮತ್ತೊಬ್ಬರು ತಂದು ಬೆಳಕಿನಲ್ಲಿಟ್ಟರೆ ಸಿಟ್ಟು ಬಾರದೆ ಇದ್ದೀತೆ? ನೀವೇ ಹೇಳಿ.

ಮರುದಿನ ಪುಸ್ತಕವನ್ನು ನಾನಾಗಿಯೇ ತೆರೆದೆ. ಒಂದು ಕಡೆ ಕೂದಲಿತ್ತು. 2009ರಲ್ಲಿ ವೆನಿಸ್ಸಿನ ದೊಡ್ಡ ಪ್ರದರ್ಶನದಲ್ಲಿಟ್ಟದ್ದು: ತಲೆಗೂದಲಿನಿಂದ ಹೊಸೆದ ಹಗ್ಗಗಳ ರಾಶಿ, ಆ ಹಗ್ಗಗಳಲ್ಲೇ ತೂಗುಹಾಕಿದ ಕಾರಿನ ಬಂಪರುಗಳು. ದೃಷ್ಟಿಯಾಗದಿರಲೆಂದು ವಾಹನಗಳಿಗೆ ಕಟ್ಟುವ ಕರಿ ಹಗ್ಗ ನಾನೂ ನೋಡಿದ್ದೇ. ದೇವರಿಗೆ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದದ್ದು ಟೋಪನ್ನಿಗೆ ಹೋಗುತ್ತದಂತೆ, ಗಿಡ್ಡದ್ದು ಈ ಹಗ್ಗಕ್ಕೆ. ಇದೆಲ್ಲ ತಿಳಿದ ಮೇಲೂ ಅನ್ನದಲ್ಲಿ ಕೂದಲು ಸಿಕ್ಕಂತಾಗಿ ಪುಟ ತಿರುವಿದೆ. ಎಲ್ಲವನ್ನೂ ಮೆಚ್ಚಿದೆನೆಂದು ಸುಳ್ಳು ಹೇಳಲಾರೆ.

ಆದರೆ ಇನ್ನೊಂದು ಪುಟದಲ್ಲಿ ಕೈ ನಿಂತುಬಿಟ್ಟಿತು. 1998ರ ಕೃತಿ. ಸೂಜಿಯ ಕಣ್ಣಿಗೆ ಉದ್ದನೆಯ ದಾರ ಪೋಣಿಸಿ, ನಡುವಿನವರೆಗೂ ಎಳೆದು, ಇನ್ನೊಂದು ಸೂಜಿ, ಮತ್ತೊಂದು ಸೂಜಿ. ಹೀಗೆ ಎಷ್ಟೋ ಎಳೆಗಳನ್ನು ಕೂಡಿಸಿ, ಗೋಂದು ಕುಂಕುಮ ಬಳಿದು, ಕೆಂಪು ಹಗ್ಗ ಮಾಡಿದ್ದಾರೆ. ಆ ಹಗ್ಗ ಕೋಣೆಯ ತುಂಬ ಹರಿದಾಡಿದೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತಿವೆ. 'ನನ್ನ ನೋವನ್ನು ಅವನಿಗೆ ತಿಳಿಸು' ಎಂಬರ್ಥದ ಹೆಸರು ಅದಕ್ಕೆ.

ಅವ್ವನಿಗೆ ತೋರಿಸಿದೆ. ಈಗ ಅವಳು ನನ್ನ ಹತ್ತಿರವೇ ಇದ್ದಾಳೆ. ಕಣ್ಣು ಮಂಜಾಗಿದ್ದರೂ ಕೌದಿ ಹೊಲಿಯುವುದನ್ನು ಬಿಟ್ಟಿಲ್ಲ. ದಾರ ಪೋಣಿಸಿಕೊಡು ಎಂದು ಕರೆದಾಗಲೆಲ್ಲ "ಬಂದೆ ತಡಿ" ಎಂದು ಅರ್ಧ ಗಂಟೆ ಕಾಯಿಸುವವಳು ನಾನು. ಅವ್ವ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಸೂಜಿ ಎಲ್ಲಾ ಇಲ್ಲೇ ಅದಾವ. ಹೊಲದದ್ದೆಲ್ಲಿ ಐತಿ?"

ನಾನು ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಹೊಲಿದದ್ದೆಲ್ಲ ಇತ್ತು, ಸೂಜಿಯನ್ನು ಯಾರೂ ನೋಡಲಿಲ್ಲ. ಓಣಿಯವರಿಗೆಲ್ಲ ಕೌದಿ ಹೊಲಿದುಕೊಟ್ಟು ಬಂದ ದುಡ್ಡಿನಲ್ಲಿ ನನ್ನ ಬಿ.ಎಡ್. ಆಯಿತು. ಕಂದೀಲಿನ ಬೆಳಕಿನಲ್ಲಿ ಬೆರಳಿಗೆ ಸೂಜಿ ಚುಚ್ಚಿದರೆ ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ಮತ್ತೆ ಹೊಲಿಯುತ್ತಿದ್ದಳು. ನೋವನ್ನು ಯಾರಿಗೆ ತಿಳಿಸಬೇಕಾಗಿತ್ತೋ ಆ ನಾನು ಪಕ್ಕದಲ್ಲೇ ಕುಳಿತು ಮನಶ್ಶಾಸ್ತ್ರದ ನೋಟ್ಸ್ ಉರುಹೊಡೆಯುತ್ತಿದ್ದೆ.

ನನ್ನ ಮದುವೆಗೆಂದು ಅವ್ವ ಕೊಟ್ಟ ಕೌದಿ ಅಟ್ಟದ ಮೇಲಿತ್ತು. ಎರಡು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸುವಾಗ, ಹೊಸ ಟೈಲ್ಸ್ ಕೆಡದಿರಲೆಂದು ಅದನ್ನೇ ನೆಲಕ್ಕೆ ಹಾಸಿದ್ದೆ. ಈಗ ಇಳಿಸಿ, ನೆನೆಹಾಕಿ, ಉಜ್ಜಿ ಉಜ್ಜಿ ತೊಳೆದೆ. ಬಣ್ಣದ ಕಲೆ ಹೋಗಲಿಲ್ಲ. ಕಲೆ ಎಂಬ ಒಂದೇ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥವಿರುವುದನ್ನು ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ!

ತಂತಿಯ ಮೇಲೆ ಹರವಿದ ಕೌದಿಯನ್ನು ಅವ್ವ ಕೈಯಿಂದಲೇ ಸವರಿ ನೋಡಿದಳು. ಯಾಕೆ ಹೀಗಾಯಿತೆಂದು ಕೇಳಲಿಲ್ಲ. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿದ್ದನ್ನು ಮಾತ್ರ ಬೆರಳಿನಿಂದಲೇ ಕಂಡುಹಿಡಿದಳು.

"ದಾರ ಪೋಣಿಸು ಬಾ" ಎಂದಳು.

ಅಂದು ಕಾಯಿಸಲಿಲ್ಲ. ಆದರೆ ಸೂಜಿಯ ಕಣ್ಣು ಕಾಣಲು ಈಗ ನನಗೂ ಕನ್ನಡಕ ಬೇಕು. ಮೂರು ಸಲ ತಪ್ಪಿ, ನಾಲ್ಕನೆಯ ಸಲಕ್ಕೆ ದಾರ ಒಳಗೆ ಹೋಯಿತು.